ಮೀನಿಗೆ ನೀರು, ನೀರಿಗೆ ಮೀನು: ಬೌದ್ಧ ಪ್ರಾಣಿವಿಮೋಚನಾ ಆಚರಣೆ ಮತ್ತು ನೆಲೆಯ ಜೀವಸಂಕುಲ

ಬೌದ್ಧಧರ್ಮದ ಅಹಿಂಸೆ ಮತ್ತು ಕರುಣೆಗಳನ್ನು ಕುರಿತು ಕನ್ನಡದಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ತತ್ತ್ವದ ನೆಲೆಯಲ್ಲಿಯೇ ನಿಂತಿದೆ. ಶೀಲ, ಮೈತ್ರಿ, ಪ್ರತೀತ್ಯಸಮುತ್ಪಾದ ಮೊದಲಾದ ಪರಿಕಲ್ಪನೆಗಳ ವಿವರಣೆ ನಮಗೆ ಬೇಕಾದಷ್ಟು ದೊರೆಯುತ್ತದೆ. ಆದರೆ ಒಂದು ತತ್ತ್ವವು ಜನಸಮುದಾಯದ ಕೈಗೆ ಬಂದಾಗ ಏನಾಗುತ್ತದೆ, ಯಾವ ವಿಧಿಯಾಗಿ, ಯಾವ ಹರಕೆಯಾಗಿ, ಯಾವ ಕಥೆಯಾಗಿ ರೂಪಾಂತರ ಹೊಂದುತ್ತದೆ ಎಂಬುದನ್ನು ತಿಳಿಯಬೇಕಾದರೆ ಆಚರಣೆಗಳ ಕಡೆಗೆ ತಿರುಗಬೇಕಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಪ್ರಾಣಿವಿಮೋಚನೆ ಎಂಬ ಒಂದೇ ಆಚರಣೆಯನ್ನು ಎತ್ತಿಕೊಂಡು, ಅದಕ್ಕೂ ಒಂದು ಪ್ರದೇಶದ ಮೂಲನಿವಾಸಿ ಜೀವಿಗಳ ಉಳಿವಿಗೂ ಇರುವ ಸಂಬಂಧವನ್ನು ಪರಿಶೀಲಿಸಲಾಗಿದೆ.

ಕೊಲ್ಲುವುದಕ್ಕೆಂದು ಹಿಡಿದ ಅಥವಾ ಮಾರಾಟಕ್ಕಿಟ್ಟ ಪ್ರಾಣಿಯನ್ನು ಹಣ ಕೊಟ್ಟು ಬಿಡಿಸಿಕೊಂಡು, ಮಂತ್ರ ಪಠಿಸಿ, ನೀರಿಗೋ ಆಕಾಶಕ್ಕೋ ಬಿಡುವುದು ಈ ಆಚರಣೆಯ ತಿರುಳು. ಚೀನೀಯರು ಇದನ್ನು ಫಾಂಗ್‌ಶೆಂಗ್ ಎನ್ನುತ್ತಾರೆ, ಜಪಾನಿನಲ್ಲಿ ಈ ವಿಧಿಯ ಹೆಸರು ಹೋಜೋಎ, ಟಿಬೆಟಿಯನ್ನರಲ್ಲಿ ತ್ಸೆಥರ್. ಥಾಯ್ಲೆಂಡ್, ಕಾಂಬೋಡಿಯಾ, ಮ್ಯಾನ್ಮಾರ್‌ಗಳಲ್ಲಿ ದೇವಾಲಯದ ಬಾಗಿಲಲ್ಲೇ ಪಂಜರದ ಹಕ್ಕಿ, ಬುಟ್ಟಿಯ ಮೀನು ಮಾರಾಟಕ್ಕಿರುತ್ತವೆ. ಭಕ್ತನು ಕೊಂಡು ಬಿಡುತ್ತಾನೆ. ರೋಗ ವಾಸಿಯಾಗಲಿ, ಆಯುಸ್ಸು ಹೆಚ್ಚಲಿ, ಸತ್ತವರಿಗೆ ಸದ್ಗತಿಯಾಗಲಿ ಎಂಬ ಆಶಯಗಳು ಎಲ್ಲೆಡೆಯೂ ಸಮಾನವಾಗಿವೆ.

ಮಹಾಯಾನ ಪರಂಪರೆಯಲ್ಲಿ ಈ ಆಚರಣೆಗೆ ಆಧಾರವೆಂದು ಎರಡು ಗ್ರಂಥಗಳನ್ನು ಮುಖ್ಯವಾಗಿ ಹೇಳುವುದುಂಟು. ಒಂದು, ಐದನೆಯ ಶತಮಾನದಲ್ಲಿ ಚೀನಾದಲ್ಲಿಯೇ ರಚಿತವಾಯಿತೆಂದು ವಿದ್ವಾಂಸರು ಭಾವಿಸುವ ಬ್ರಹ್ಮಜಾಲ ಸೂತ್ರ. ಎಲ್ಲ ಪ್ರಾಣಿಗಳೂ ಯಾವುದೋ ಜನ್ಮದಲ್ಲಿ ನಮಗೆ ತಂದೆತಾಯಿಗಳಾಗಿದ್ದವೆಂಬ ವಾದವನ್ನು ಅದು ಮುಂದಿಡುತ್ತದೆ. ಇನ್ನೊಂದು, ಸುವರ್ಣಪ್ರಭಾಸ ಸೂತ್ರದಲ್ಲಿ ಬರುವ ಜಲವಾಹನನ ಕಥೆ. ಜಾನಪದ ವಿದ್ಯಾರ್ಥಿಗೆ ಹೆಚ್ಚು ಮುಖ್ಯವಾದುದು ಈ ಎರಡನೆಯದು. ಆದುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡುವುದು ಅಗತ್ಯ.

ಜಲವಾಹನನು ವೈದ್ಯನ ಮಗ, ತಾನೂ ವೈದ್ಯ. ತನ್ನ ಇಬ್ಬರು ಮಕ್ಕಳೊಡನೆ ಊರೂರು ಸುತ್ತುತ್ತಿದ್ದಾಗ ಕಾಡಿನ ನಡುವೆ ಮಾಂಸಾಹಾರಿ ಮೃಗಪಕ್ಷಿಗಳೆಲ್ಲ ಒಂದೇ ದಿಕ್ಕಿಗೆ ಓಡುತ್ತಿರುವುದನ್ನು ಕಾಣುತ್ತಾನೆ. ಹಿಂಬಾಲಿಸಿ ಹೋದರೆ ಅಲ್ಲೊಂದು ಬತ್ತುತ್ತಿರುವ ಕೊಳ. ಅದರಲ್ಲಿ ಹತ್ತು ಸಾವಿರ ಮೀನು. ಮೊದಲು ಅವನು ಮರದ ಕೊಂಬೆಗಳನ್ನು ಮುರಿದು ತಂದು ಕೊಳಕ್ಕೆ ನೆರಳು ಮಾಡುತ್ತಾನೆ. ಅನಂತರ ಈ ಕೊಳಕ್ಕೆ ನೀರು ಎಲ್ಲಿಂದ ಬರುತ್ತಿತ್ತು ಎಂದು ಹುಡುಕುತ್ತಾ ಹೋಗುತ್ತಾನೆ. ಮೀನು ಹಿಡಿಯುವ ಆಸೆಯಿಂದ ದುಷ್ಟನೊಬ್ಬನು ಮೇಲ್ಗಡೆ ನದಿಯ ಹರಿವನ್ನೇ ಬೇರೆಡೆಗೆ ತಿರುಗಿಸಿರುವುದು ಗೊತ್ತಾಗುತ್ತದೆ. ಅದನ್ನು ಸರಿಪಡಿಸುವುದು ಒಬ್ಬನಿಂದ ಆಗುವ ಕೆಲಸವಲ್ಲ. ಅವನು ರಾಜನ ಬಳಿಗೆ ಹೋಗಿ ಇಪ್ಪತ್ತು ಆನೆಗಳನ್ನು ಬೇಡಿ ಪಡೆದು, ಚರ್ಮದ ಚೀಲಗಳಲ್ಲಿ ನೀರು ಹೇರಿಸಿ ತಂದು ಕೊಳ ತುಂಬಿಸುತ್ತಾನೆ. ಮನೆಯಿಂದ ಆಹಾರ ತರಿಸಿ ಮೀನುಗಳಿಗೆ ಹಾಕುತ್ತಾನೆ. ಕೊನೆಗೆ ನೀರಿಗಿಳಿದು ಬುದ್ಧನಾಮವನ್ನೂ ಧರ್ಮವನ್ನೂ ಅವುಗಳಿಗೆ ಕೇಳಿಸುತ್ತಾನೆ. ಆ ಮೀನುಗಳು ಮುಂದೆ ದೇವಲೋಕದಲ್ಲಿ ಹುಟ್ಟಿ ಅವನ ಮೇಲೆ ಮುತ್ತಿನ ಮಳೆಗರೆಯುತ್ತವೆ.

ಪ್ರಾಣಿವಿಮೋಚನೆಯ ಮೂಲಕಥೆಯೆಂದು ನೂರಾರು ವರ್ಷಗಳಿಂದ ಹೇಳಿಕೊಂಡು ಬಂದಿರುವ ಈ ಕಥೆಯಲ್ಲಿ ವಿಮೋಚನೆಯೇ ಇಲ್ಲವೆಂಬುದು ಗಮನಾರ್ಹವಾಗಿದೆ. ಜಲವಾಹನನು ಮೀನುಗಳನ್ನು ಹಿಡಿಯಲಿಲ್ಲ, ಕೊಳ್ಳಲಿಲ್ಲ, ಒಂದು ನೀರಿನಿಂದ ಮತ್ತೊಂದು ನೀರಿಗೆ ಸಾಗಿಸಲೂ ಇಲ್ಲ. ಮೀನು ಇದ್ದಲ್ಲಿಗೆ ನೀರನ್ನು ತಂದನು. ನೆರಳು, ನೀರಿನ ಮೂಲದ ಶೋಧ, ರಾಜಾಶ್ರಯದ ಯಾಚನೆ, ಆಹಾರ, ಎಲ್ಲ ಮುಗಿದ ಮೇಲೆ ಮಂತ್ರ: ಕಥೆಯ ಕ್ರಮ ಇದು. ಆಚರಣೆಯಲ್ಲಿ ಉಳಿದುಕೊಂಡದ್ದು ಮಂತ್ರ ಮತ್ತು ಮುತ್ತಿನ ಮಳೆಯ ಫಲಶ್ರುತಿ, ಬಿಟ್ಟುಹೋದದ್ದು ಕೊಳ. ಪುರಾಣಕಥೆಗೂ ವಿಧಿಗೂ ನಡುವೆ ಇಂತಹ ಜಾರುವಿಕೆ ಎಲ್ಲ ಸಂಸ್ಕೃತಿಗಳಲ್ಲಿಯೂ ಕಾಣುವಂಥದೇ. ಇಲ್ಲಿ ಮಾತ್ರ ಅದರ ಪರಿಣಾಮ ನಿಜವಾದ ನೀರಿನ ಮೇಲೆ, ನಿಜವಾದ ಮೀನಿನ ಮೇಲೆ ಆಗಿದೆ.

ಚೀನಾದಲ್ಲಿ ಆಚರಣೆ ಬೆಳೆದ ಬಗೆ ಕುತೂಹಲಕರವಾಗಿದೆ. ತಿಯಾನ್‌ತಾಯ್ ಪಂಥದ ಝಿಯಿ (538-597) ಕಡಲತೀರದ ಮೀನುಬಲೆಗಳಿದ್ದ ನೀರಿನ ಭಾಗವನ್ನು ಕೊಂಡು, ಮೀನುಗಾರರ ಮನವೊಲಿಸಿ, ಅದನ್ನು ಮೀನು ಹಿಡಿಯದ ಸ್ಥಳವನ್ನಾಗಿ ಮಾಡಿದನೆಂದು ಪರಂಪರೆ ಹೇಳುತ್ತದೆ. 759ರಲ್ಲಿ ಟಾಂಗ್ ಚಕ್ರವರ್ತಿ ಸುಝೊಂಗ್ ಸಾಮ್ರಾಜ್ಯದಾದ್ಯಂತ 81 ವಿಮೋಚನಾ ಕೊಳಗಳನ್ನು ಸ್ಥಾಪಿಸುವಂತೆ ಆಜ್ಞೆ ಹೊರಡಿಸಿದನು. ಸಾಂಗ್ ಕಾಲದಲ್ಲಿ ಹಾಂಗ್‌ಝೌ ನಗರದ ಪ್ರಸಿದ್ಧ ಪಶ್ಚಿಮ ಸರೋವರವೇ ವಿಮೋಚನಾ ಕೊಳವೆಂದು ಘೋಷಿತವಾಯಿತು. ಮಿಂಗ್ ಕಾಲದ ಭಿಕ್ಷು ಝುಹೊಂಗ್ (1535-1615) ಇದನ್ನು ಗೃಹಸ್ಥರ ಸಂಘಗಳ ಮೂಲಕ ಮನೆಮನೆಯ ಆಚರಣೆಯನ್ನಾಗಿಸಿದನು. ಈ ಘಟ್ಟಗಳಲ್ಲಿ ಮೊದಲನೆಯದನ್ನು ವಿಶೇಷವಾಗಿ ಗಮನಿಸಬೇಕು. ಝಿಯಿಯ ಕ್ರಮದಲ್ಲಿ ರಕ್ಷಣೆ ಪಡೆದದ್ದು ಒಂದು ಸ್ಥಳ. ಝುಹೊಂಗನ ಕಾಲಕ್ಕೆ ಬರುವಷ್ಟರಲ್ಲಿ ರಕ್ಷಣೆ ಪಡೆಯುವುದು ಬಿಡಿಬಿಡಿಯಾದ ಪ್ರಾಣಿ.

ಹಣ ಕೊಟ್ಟು ಬಿಡಿಸುವವರಿದ್ದಾರೆಂದಾದರೆ ಹಿಡಿದು ಮಾರುವವರು ಹುಟ್ಟಿಕೊಳ್ಳುತ್ತಾರೆ. ಈ ಅರಿವು ಬಹಳ ಹಳೆಯದು. ಲಿಯೆಝಿ ಎಂಬ ದಾವೋ ಪಂಥದ ಗ್ರಂಥದಲ್ಲಿ ಒಂದು ಸಣ್ಣ ಕಥೆಯಿದೆ. ಹಾಂದಾನಿನ ಜನ ಹೊಸವರ್ಷದ ದಿನ ಒಡೆಯ ಜಿಯಾನ್‌ಝಿಗೆ ಪಾರಿವಾಳಗಳನ್ನು ಕಾಣಿಕೆ ಕೊಡುತ್ತಾರೆ. ಅವನು ಸಂತೋಷಪಟ್ಟು ಬಹುಮಾನ ಕೊಟ್ಟು ಅವುಗಳನ್ನು ಹಾರಿಬಿಡುತ್ತಾನೆ. ಅತಿಥಿಯೊಬ್ಬ ಹೇಳುತ್ತಾನೆ: ನೀವು ಬಿಡುತ್ತೀರೆಂದು ತಿಳಿದೇ ಜನ ಪೈಪೋಟಿಯಿಂದ ಹಿಡಿಯುತ್ತಾರೆ, ಹಿಡಿಯುವಾಗಲೇ ಎಷ್ಟೋ ಸಾಯುತ್ತವೆ, ನಿಮಗೆ ಅವು ಬದುಕಬೇಕೆಂದಿದ್ದರೆ ಹಿಡಿಯುವುದನ್ನೇ ನಿಷೇಧಿಸಿ. ಒಡೆಯ ಒಪ್ಪುತ್ತಾನೆ. ಇಂದಿನ ಪಕ್ಷಿತಜ್ಞರು ಹೇಳುವ ಮಾತಿಗೂ ಈ ಅತಿಥಿಯ ಮಾತಿಗೂ ವ್ಯತ್ಯಾಸವೇನೂ ಇಲ್ಲ. ಜಪಾನಿನ ಚಿತ್ರಕಾರ ಹಿರೋಶಿಗೆ 1857ರಲ್ಲಿ ರಚಿಸಿದ ಎಡೋ ನಗರದ ದೃಶ್ಯಮಾಲಿಕೆಯ ಒಂದು ಚಿತ್ರದಲ್ಲಿ ಸೇತುವೆಯ ಬಳಿ ಹಗ್ಗಕ್ಕೆ ಕಟ್ಟಿ ತೂಗುಹಾಕಿದ ಆಮೆಯೊಂದಿದೆ. ಕೊಂಡು ನದಿಗೆ ಬಿಡಲೆಂದೇ ಮಾರುತ್ತಿದ್ದ ಆಮೆ ಅದು. ಕಾಂಬೋಡಿಯಾದ ನೋಮ್ ಪೆನ್ ನಗರದಲ್ಲಿ ಇಂತಹ ಮಾರಾಟವನ್ನು ಕುರಿತು ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು, ವರ್ಷಕ್ಕೆ ಲಕ್ಷಗಟ್ಟಲೆ ಕಾಡುಹಕ್ಕಿಗಳು ಈ ಉದ್ದೇಶಕ್ಕೆ ಕೈಬದಲಾಗುತ್ತವೆಂದು ಅಂದಾಜು ಮಾಡಿತು. ಕೆಲವು ಹಕ್ಕಿಗಳಲ್ಲಿ ಹಕ್ಕಿಜ್ವರದ ವೈರಾಣುವನ್ನೂ ಗುರುತಿಸಿತು. ನಮ್ಮ ಹೊಲಗಳಲ್ಲಿಯೂ ಕಾಣುವ ಚುಕ್ಕೆ ರಾಟವಾಳವು ಆಗ್ನೇಯ ಏಷ್ಯಾದಲ್ಲಿ ಹೀಗೆ ಮಾರಾಟವಾಗುವ ಹಕ್ಕಿಗಳಲ್ಲಿ ಸೇರಿದೆ.

ಹಿಡಿಯುವ ಹಿಂಸೆಗಿಂತಲೂ ಸೂಕ್ಷ್ಮವಾದ ಇನ್ನೊಂದು ಸಮಸ್ಯೆ ಇತ್ತೀಚಿನದು. ಹಿಂದಿನ ಕಾಲದಲ್ಲಿ ಮಾರುಕಟ್ಟೆಗೆ ಬರುತ್ತಿದ್ದ ಮೀನು ಹತ್ತಿರದ ಹೊಳೆಯದೇ ಆಗಿರುತ್ತಿತ್ತು. ಅದನ್ನು ಕೊಂಡು ಬಿಟ್ಟರೆ ಅದು ತನ್ನ ನೀರಿಗೇ ಮರಳುತ್ತಿತ್ತು. ಸಾಗಾಣಿಕೆ, ಮೀನುಸಾಕಣೆ, ಸಾಕುಪ್ರಾಣಿಗಳ ವ್ಯಾಪಾರ ಬೆಳೆದ ಮೇಲೆ ಅದೇ ಅಂಗಡಿಯಲ್ಲಿ ಅಮೆರಿಕದ ಕೆಂಪುಕಿವಿಯ ಆಮೆ, ಅಮೆರಿಕದ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆ, ಆಫ್ರಿಕಾದ ಕ್ಯಾಟ್‌ಫಿಷ್ ಸಿಗತೊಡಗಿದವು. ವಿಧಿಯ ರೂಪ ಬದಲಾಗಲಿಲ್ಲ; ಬಿಡುವ ಜೀವಿ ಬದಲಾಯಿತು. ಕೆಂಪುಕಿವಿಯ ಆಮೆ ಮತ್ತು ಬುಲ್‌ಫ್ರಾಗ್ ಎರಡೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ತಜ್ಞರು ಪಟ್ಟಿ ಮಾಡಿರುವ ಜಗತ್ತಿನ 100 ಅತಿ ಹಾನಿಕಾರಕ ಆಕ್ರಮಣಕಾರಿ ಜೀವಿಗಳಲ್ಲಿ ಸೇರಿವೆ. ಬುಲ್‌ಫ್ರಾಗ್ ಸಣ್ಣ ಕಪ್ಪೆಗಳನ್ನು ತಿನ್ನುವುದಷ್ಟೇ ಅಲ್ಲ, ಜಗತ್ತಿನ ಹಲವೆಡೆ ಕಪ್ಪೆಗಳ ಸಂತತಿಯನ್ನು ನಾಶಮಾಡಿರುವ ಶಿಲೀಂಧ್ರರೋಗವನ್ನೂ ತಾನು ಸಾಯದೆ ಹೊತ್ತು ತಿರುಗಬಲ್ಲದು. ಚೀನಾದ ಯುನಾನ್ ಪ್ರಾಂತದಲ್ಲಿ ವಿಮೋಚನಾ ಆಚರಣೆಗೂ ಈ ಕಪ್ಪೆಯ ಹರಡುವಿಕೆಗೂ ಇರುವ ನಂಟನ್ನು 2012ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಪರಿಶೀಲಿಸಿದೆ. 2015ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಡಲಲ್ಲಿ ಬೌದ್ಧ ಭಕ್ತರು ನೂರಾರು ಅಮೆರಿಕನ್ ಸೀಗಡಿಗಳನ್ನೂ (ಲಾಬ್‌ಸ್ಟರ್) ಏಡಿಗಳನ್ನೂ ಬಿಟ್ಟರು. ಅವುಗಳನ್ನು ಮತ್ತೆ ಹಿಡಿದು ತೆಗೆಯಲು ಅಲ್ಲಿನ ಸರ್ಕಾರ ಮೀನುಗಾರರಿಗೆ ಹಣ ಕೊಡಬೇಕಾಯಿತು. 2017ರಲ್ಲಿ ಇಬ್ಬರಿಗೆ ನ್ಯಾಯಾಲಯ ದಂಡ ವಿಧಿಸಿತು. ಚೀನಾ ದೇಶವು 2016ರಲ್ಲಿ ತಿದ್ದುಪಡಿ ಮಾಡಿ 2017ರ ಜನವರಿ 1ರಿಂದ ಜಾರಿಗೆ ತಂದ ವನ್ಯಜೀವಿ ಕಾಯಿದೆಯಲ್ಲಿ, ಬಿಡುವುದಾದರೆ ಆ ಸ್ಥಳದ ಮೂಲಜೀವಿಯನ್ನೇ ಬಿಡಬೇಕು ಎಂಬ ನಿಯಮವನ್ನು ಸೇರಿಸಿದೆ.

ಇಂತಹ ನಿದರ್ಶನಗಳನ್ನು ಮುಂದಿಟ್ಟುಕೊಂಡು ಆಚರಣೆಯನ್ನೇ ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ಈ ಧೋರಣೆಯನ್ನು ಒಪ್ಪುವುದು ಕಷ್ಟ. ಸ್ಥಳೀಯವಲ್ಲದ ಜೀವಿಯನ್ನು ಒಳ್ಳೆಯ ಉದ್ದೇಶದಿಂದ ನೀರಿಗೆ ಬಿಡುವುದು ಭಕ್ತರ ಏಕಸ್ವಾಮ್ಯವೇನೂ ಅಲ್ಲ. ನಮ್ಮ ಕಾವೇರಿಯನ್ನೇ ನೋಡಬಹುದು. ಈ ನದಿಯ ಡುಬ್ಬದ ಮಹಶೀರ್ ಮೀನು ಲೋಕದ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲೊಂದು. ಅದು ಬೇರೆಲ್ಲಿಯೂ ಇಲ್ಲ. ಮಹಶೀರ್ ಸಂತತಿಯನ್ನು ಹೆಚ್ಚಿಸಬೇಕೆಂಬ ಸದುದ್ದೇಶದಿಂದಲೇ ಹೊರಗಿನ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ದಶಕಗಳ ಕಾಲ ನದಿಗೆ ಬಿಡಲಾಯಿತು. ಮೂಲ ಮೀನು ಹಿಂದೆ ಸರಿಯಿತು. 2018ರಲ್ಲಿ ಅದರ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿಯೆಂದು ಖಚಿತವಾಗಿ, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಅದು ಸೇರಿತು. ಇಲ್ಲಿ ಬಿಟ್ಟವರು ಭಿಕ್ಷುಗಳಲ್ಲ, ಮೀನುಶಾಸ್ತ್ರ ಬಲ್ಲವರು.

ಬೌದ್ಧ ಪರಂಪರೆಯ ಒಳಗೇ ಈ ಸಮಸ್ಯೆಯನ್ನು ಎದುರಿಸುವ ಸಾಮಗ್ರಿ ಇದೆಯೇ? ಎರಡು ಎಳೆಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ಚೇತನೆ, ಅಂದರೆ ಸಂಕಲ್ಪವೇ ಕರ್ಮ ಎಂಬುದು ನಿಕಾಯಗಳ ಪ್ರಸಿದ್ಧ ನಿಲುವು. ಕೊಂಡು ಬಿಡುವವನ ಮನಸ್ಸು ಶುದ್ಧವಾಗಿದ್ದರೆ ಸಾಕು, ಬಿಟ್ಟ ಕಪ್ಪೆ ಮುಂದೇನು ಮಾಡಿತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ ಎಂಬ ಜನಪ್ರಿಯ ಸಮರ್ಥನೆ ಇದರಿಂದಲೇ ಹುಟ್ಟುತ್ತದೆ. ಆದರೆ ವಿನಯಪಿಟಕದ ದೃಷ್ಟಿ ಬೇರೆ. ಅಲ್ಲಿ ಪರಿಣಾಮಕ್ಕೆ ಬೆಲೆಯಿದೆ, ಜನರ ದೂರಿಗೆ ಬೆಲೆಯಿದೆ. ಮಳೆಗಾಲದಲ್ಲಿ ಭಿಕ್ಷುಗಳು ತಿರುಗಾಡುತ್ತಾ ಹಸಿರುಹುಲ್ಲನ್ನೂ ಹುಳುಹುಪ್ಪಟೆಗಳನ್ನೂ ತುಳಿಯುತ್ತಾರೆ, ಹಕ್ಕಿಗಳು ಕೂಡ ಮಳೆಗಾಲದಲ್ಲಿ ಗೂಡು ಕಟ್ಟಿಕೊಂಡು ನಿಲ್ಲುತ್ತವೆ ಎಂದು ಜನ ಆಕ್ಷೇಪಿಸಿದ್ದರಿಂದಲೇ ವರ್ಷಾವಾಸದ ನಿಯಮ ಬಂತು. ನೆಲ ಅಗೆಯಬಾರದು, ಜೀವಿಗಳಿರುವ ನೀರನ್ನು ನೆಲಕ್ಕೆ ಚೆಲ್ಲಬಾರದು, ಸೋಸದೆ ಬಳಸಬಾರದು ಎಂಬ ನಿಯಮಗಳಿವೆ. ಗಿಡಮರ ಕಡಿಯುವುದನ್ನು ನಿಷೇಧಿಸುವ ನಿಯಮದ ಹಿನ್ನೆಲೆಯಲ್ಲಿ ಆಳವಿಯ ಭಿಕ್ಷುವೊಬ್ಬನ ಕಥೆಯಿದೆ. ಅವನು ಮರ ಕಡಿಯುವಾಗ ಅದರಲ್ಲಿದ್ದ ವೃಕ್ಷದೇವತೆಯ ಮಗುವಿನ ತೋಳಿಗೆ ಏಟು ಬೀಳುತ್ತದೆ. ಮರ ಯಾರದೋ ಮನೆ ಎಂಬ ಜನಪದ ನಂಬಿಕೆಯೇ ಇಲ್ಲಿ ಭಿಕ್ಷುಸಂಘದ ಶಾಸನವಾಗಿದೆ.

ಜಾತಕಗಳಲ್ಲಿ ತ್ಯಾಗಮಾಡುವ ಪ್ರಾಣಿಗಳ ಕಥೆಗಳು ಹೆಚ್ಚು ಪ್ರಚಾರ ಪಡೆದಿವೆ. ಪಾಲಿ ಸಂಗ್ರಹದ 272ನೆಯ ವ್ಯಗ್ಘ ಜಾತಕದ ಕಡೆಗೆ ಅಷ್ಟಾಗಿ ಗಮನ ಹರಿದಿಲ್ಲ. ಒಂದು ಕಾಡಿನಲ್ಲಿ ಸಿಂಹವೂ ಹುಲಿಯೂ ಇದ್ದವು. ಅವು ತಿಂದು ಬಿಟ್ಟ ಕಳೇಬರಗಳ ನಾತವನ್ನು ತಾಳಲಾರದೆ ಒಬ್ಬ ವೃಕ್ಷದೇವತೆ ಅವುಗಳನ್ನು ಹೆದರಿಸಿ ಓಡಿಸಲು ಹೊರಡುತ್ತದೆ. ಬೋಧಿಸತ್ತ್ವನಾಗಿದ್ದ ಇನ್ನೊಂದು ದೇವತೆ ಬೇಡವೆನ್ನುತ್ತದೆ. ಇವು ಇರುವುದರಿಂದಲೇ ನಮ್ಮ ಮನೆ ಉಳಿದಿದೆ ಎನ್ನುತ್ತದೆ. ಮಾತು ಕೇಳುವುದಿಲ್ಲ. ಮೃಗಗಳು ಹೊರಟುಹೋಗುತ್ತವೆ. ಹೆಜ್ಜೆಗುರುತು ಕಾಣದೆ ಹೋದಾಗ ಊರವರು ಕೊಡಲಿ ಹಿಡಿದು ಬಂದು ಕಾಡಿನ ಒಂದು ಮಗ್ಗುಲನ್ನು ಕಡಿಯುತ್ತಾರೆ. ಆಗ ಹೆದರಿದ ದೇವತೆ ಮೃಗಗಳ ಬಳಿಗೆ ಹೋಗಿ ಮರಳಿ ಬರುವಂತೆ ಅಂಗಲಾಚುತ್ತದೆ. ಅವು ಬರುವುದಿಲ್ಲ. ಕೆಲವೇ ದಿನಗಳಲ್ಲಿ ಕಾಡು ಹೊಲವಾಗುತ್ತದೆ. ಹುಲಿಯಿಲ್ಲದ ಕಾಡಿಲ್ಲ, ಕಾಡಿಲ್ಲದ ಹುಲಿಯಿಲ್ಲ ಎಂಬ ಮಾತು ಮಹಾಭಾರತದ ಉದ್ಯೋಗಪರ್ವದಲ್ಲಿಯೂ ಬರುತ್ತದೆಯಾದ್ದರಿಂದ ಇದು ಎರಡೂ ಪರಂಪರೆಗಳಿಗೆ ಸಾಮಾನ್ಯವಾದ ಜನಪದ ತಿಳಿವಳಿಕೆಯೆಂದು ಊಹಿಸಬಹುದು. ಕೊಲ್ಲುವ ಪ್ರಾಣಿಯೂ ಕರುಣೆಯ ವ್ಯಾಪ್ತಿಯೊಳಗೆ ಬರುವುದು, ಅದೂ ಅದರ ಕೊಲ್ಲುವ ಸ್ವಭಾವದ ಸಮೇತ ಬರುವುದು, ಈ ಜಾತಕದ ವಿಶೇಷ.

ಸ್ಥಳವನ್ನು ಕಾಯುವ ಇದೇ ದೃಷ್ಟಿ ಅಶೋಕನ ಐದನೆಯ ಸ್ತಂಭಶಾಸನದಲ್ಲಿ ರಾಜಾಜ್ಞೆಯಾಗಿ ಮೂಡಿದೆ. ಪಟ್ಟಾಭಿಷೇಕದ 26 ವರ್ಷಗಳ ಅನಂತರ ಹೊರಟ ಈ ಶಾಸನ ಗಿಳಿ, ಮೈನಾ, ಬಾವಲಿ, ಆಮೆ ಮೊದಲಾದ ಅವಧ್ಯ ಪ್ರಾಣಿಗಳ ದೀರ್ಘ ಪಟ್ಟಿಯನ್ನು ಕೊಡುತ್ತದೆ. ಗಬ್ಬದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನು ಕೊಲ್ಲಬಾರದು. ಜೀವಿಗಳಿರುವ ಹೊಟ್ಟನ್ನು ಸುಡಬಾರದು. ವ್ಯರ್ಥವಾಗಿ ಅಥವಾ ಪ್ರಾಣಿಹಿಂಸೆಗಾಗಿ ಕಾಡಿಗೆ ಬೆಂಕಿಯಿಡಬಾರದು. ಗೊತ್ತುಪಡಿಸಿದ ತಿಥಿಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು. ಆ ದಿನಗಳಲ್ಲಿ ಆನೆಗಾಡುಗಳಲ್ಲೂ ಬೆಸ್ತರ ನೀರುಗಳಲ್ಲೂ ಬೇರೆ ಪ್ರಾಣಿಗಳನ್ನೂ ಕೊಲ್ಲಬಾರದು. ಈ ಸ್ತಂಭಶಾಸನ ಕರ್ನಾಟಕದಲ್ಲಿ ದೊರೆತಿಲ್ಲ. ಆದರೆ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಕಿರುಶಾಸನದಲ್ಲಿ ತಂದೆತಾಯಿಗಳ ಸೇವೆ ಮತ್ತು ಸತ್ಯದ ಮಾತುಗಳ ನಡುವೆ ಪ್ರಾಣಿಗಳ ವಿಷಯದಲ್ಲಿ ದೃಢವಾಗಿರಬೇಕೆಂಬ ವಿಧಿ ಸೇರಿಕೊಂಡಿದೆ. ಅಶೋಕನು ಬಿಡುಗಡೆ ಎಂಬ ಮಾತನ್ನು ಐದನೆಯ ಸ್ತಂಭಶಾಸನದ ಕೊನೆಯಲ್ಲಿ ಆಡುತ್ತಾನೆ. ಆದರೆ ಅಲ್ಲಿ ಬಿಡುಗಡೆಯಾಗುವುದು ಸೆರೆಯಲ್ಲಿದ್ದ ಮನುಷ್ಯರಿಗೆ.

ಟಿಬೆಟಿನ ತ್ಸೆಥರ್ ಪದ್ಧತಿ ಕನ್ನಡ ಜಾನಪದ ಬಲ್ಲವರಿಗೆ ಅಪರಿಚಿತವೆನಿಸುವುದಿಲ್ಲ. ಯಾಕ್ ಅಥವಾ ಕುರಿಯೊಂದನ್ನು ಕೊಲ್ಲುವುದಿಲ್ಲವೆಂದು ಸಂಕಲ್ಪಿಸಿ, ಅದರ ಕಿವಿಗೆ ಬಣ್ಣದ ಕುಚ್ಚು ಕಟ್ಟಿ ಮಂದೆಯಲ್ಲೇ ಬಿಡುತ್ತಾರೆ. ಸಾಯುವವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ನಮ್ಮಲ್ಲಿ ದೇವರ ಹೆಸರಿಗೆ ಬಿಟ್ಟ ಬಸವನೂ ಹೀಗೆಯೇ. ಅದು ಊರು ಬಿಟ್ಟು ಹೋಗುವುದಿಲ್ಲ. ಹೊಲಕ್ಕೆ ಬಾಯಿ ಹಾಕಿದರೂ ಯಾರೂ ಹೊಡೆಯುವುದಿಲ್ಲ. ಬಿಡುವುದು ಎಂಬ ಕ್ರಿಯೆಗೆ ಸ್ಥಳಾಂತರ ಎಂಬ ಅರ್ಥ ಇಲ್ಲಿಲ್ಲ. ಒಡೆತನವನ್ನು ಬಿಡುವುದು ಎಂಬ ಅರ್ಥವಿದೆ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಹೊಳೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳೆಂದು ಕರೆಸಿಕೊಳ್ಳುವ ಮೀನುಗಳಿಗೂ ಇದೇ ನ್ಯಾಯ. ಥಾಯ್ಲೆಂಡಿನಲ್ಲಿ ಬೌದ್ಧ ವಿಹಾರದ ಮುಂದಿನ ನದಿಭಾಗವನ್ನು ಮೀನು ಹಿಡಿಯದ ತಾಣವೆಂದು ಬಿಡುವ ಪದ್ಧತಿಯನ್ನು ಇದರೊಡನೆ ಇಟ್ಟು ನೋಡಬಹುದು.

ಥಾಯ್ಲೆಂಡಿನದೇ ಇನ್ನೊಂದು ನಿದರ್ಶನ ಹೆಚ್ಚು ಪ್ರಸಿದ್ಧವಾದುದು. 1980ರ ದಶಕದ ಕೊನೆಯಲ್ಲಿ ಉತ್ತರ ಥಾಯ್ಲೆಂಡಿನ ಕೆಲವು ಭಿಕ್ಷುಗಳು ಮರಗಳಿಗೆ ಕಾಷಾಯ ವಸ್ತ್ರ ಸುತ್ತಿ ದೀಕ್ಷೆ ಕೊಡುವ ವಿಧಿಯನ್ನು ಆರಂಭಿಸಿದರು. ನಾನ್ ಪ್ರಾಂತದ ಫ್ರಕ್ರು ಪಿಟಕ್ ಇದನ್ನು ಸಮುದಾಯ ಅರಣ್ಯಗಳ ರಕ್ಷಣೆಗೆ ವ್ಯವಸ್ಥಿತವಾಗಿ ಬಳಸಿದರು. ಮರ ಭಿಕ್ಷುವಾಗಲಾರದು ಎಂಬ ಶಾಸ್ತ್ರೀಯ ಆಕ್ಷೇಪಣೆ ಬಂದದ್ದು ಸಹಜ. ಆದರೆ ಕಾಷಾಯ ಉಟ್ಟ ಮರಕ್ಕೆ ಕೊಡಲಿ ಹಾಕಲು ಹಳ್ಳಿಯವನ ಕೈ ಬರುವುದಿಲ್ಲವೆಂಬ ಲೆಕ್ಕಾಚಾರ ಸರಿಯಾಗಿತ್ತು. ಹೊಸದಾಗಿ ಕಟ್ಟಿದ ಆಚರಣೆಯೊಂದು ಹಳೆಯ ವೃಕ್ಷದೇವತೆಯ ನಂಬಿಕೆಯ ಮೇಲೆ ನಿಂತಿತು. ಕಾಂಬೋಡಿಯಾದ ಒದ್ದಾರ್ ಮಿಯಾಂಚೆ ಪ್ರಾಂತದಲ್ಲಿ ಭಿಕ್ಷು ಬುನ್ ಸಲುತ್ ಅವರ ನೇತೃತ್ವದಲ್ಲಿ ಸುಮಾರು 18,000 ಹೆಕ್ಟೇರ್ ಕಾಡನ್ನು ಭಿಕ್ಷುಗಳೂ ಹಳ್ಳಿಗರೂ ಕಾಯ್ದ ಕೆಲಸಕ್ಕೆ 2010ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಟಿಬೆಟ್ ಪ್ರಸ್ಥಭೂಮಿಯ ಸಾಂಜಿಯಾಂಗ್‌ಯುವಾನ್ ಪ್ರದೇಶದ 336 ವಿಹಾರಗಳನ್ನು ಕುರಿತು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅವುಗಳಲ್ಲಿ ಶೇ. 46ರಷ್ಟು ಹಿಮಚಿರತೆಯ ನೆಲೆಯೊಳಗೇ ಇವೆ. ಪವಿತ್ರ ಬೆಟ್ಟಗಳಲ್ಲಿ ಭಿಕ್ಷುಗಳು ನಡೆಸುವ ಕಾವಲಿನಿಂದ ಉಳಿದಿರುವ ನೆಲೆ ಅಲ್ಲಿನ ಸರ್ಕಾರಿ ರಕ್ಷಿತಾರಣ್ಯದ ತಿರುಳುಭಾಗಕ್ಕಿಂತ ಹೆಚ್ಚಿರಬಹುದೆಂದೂ ಅದು ಹೇಳುತ್ತದೆ.

ಕರ್ನಾಟಕಕ್ಕೆ ಈ ವಿಷಯದ ನೇರ ಸಂಬಂಧವಿರುವುದು 1960ರ ದಶಕದಿಂದ. ರಾಜ್ಯ ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿ ಕೊಟ್ಟ ಮೇಲೆ, ಅನಂತರ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲಿಯೂ ಟಿಬೆಟಿಯನ್ ನೆಲೆಗಳು ಬೆಳೆದವು. ಹಿಮದ ನಾಡಿನ ಆಚರಣೆಗಳು ಕುರುಚಲು ಕಾಡಿನ ಅಂಚಿಗೆ ಬಂದುನಿಂತಾಗ ಯಾವುವು ಉಳಿದವು, ಯಾವುವು ಬದಲಾದವು ಎಂಬ ಕ್ಷೇತ್ರಾಧ್ಯಯನಕ್ಕೆ ಇವು ಫಲವತ್ತಾದ ಎಡೆಗಳು. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ನಡೆದ ಕಾಲಚಕ್ರ ಸಮಾರಂಭದಲ್ಲಿ ದಲಾಯಿ ಲಾಮಾ ಅವರು ಹುಲಿ, ಚಿರತೆ, ನೀರುನಾಯಿಗಳ ಚರ್ಮವನ್ನು ಉಡುಪಿಗೆ ಬಳಸುವುದನ್ನು ಬಿಡಬೇಕೆಂದು ಹೇಳಿದರು. ಕೆಲವೇ ವಾರಗಳಲ್ಲಿ ಟಿಬೆಟಿನ ಹಲವು ಕಡೆ ಜನ ತಲೆಮಾರುಗಳಿಂದ ಬಂದ, ಬಹಳ ಬೆಲೆಬಾಳುವ ಚರ್ಮದಂಚಿನ ನಿಲುವಂಗಿಗಳನ್ನು ರಾಶಿ ಹಾಕಿ ಸುಟ್ಟರು. ಆ ಚರ್ಮಗಳಲ್ಲಿ ಭಾರತದ ಕಾಡುಗಳಿಂದ ಕಳ್ಳಸಾಗಣೆಯಾದವೂ ಇದ್ದವು. ಹಕ್ಕಿ ಕೊಂಡು ಬಿಡುವುದರಿಂದ ಹಿಡಿಯುವವನ ವ್ಯಾಪಾರ ಬೆಳೆದರೆ, ಉಡುವುದನ್ನು ನಿಲ್ಲಿಸಿದ್ದರಿಂದ ಬೇಟೆಗಾರನ ಗಿರಾಕಿ ಇಲ್ಲವಾದನು. ಲಿಯೆಝಿಯ ಅತಿಥಿ ಹೇಳಿದ್ದೂ ಇದನ್ನೇ.

ಕೊನೆಯದಾಗಿ ಕಪ್ಪುಕತ್ತಿನ ಕೊಕ್ಕರೆಯ ಪ್ರಸಂಗ. ಟಿಬೆಟಿನಿಂದ ಚಳಿಗಾಲಕ್ಕೆ ಇಳಿದು ಬರುವ ಈ ಹಕ್ಕಿ ಭೂತಾನದ ಫೋಬ್ಜಿಖಾ ಕಣಿವೆಯಲ್ಲಿ ಬಂದಾಗಲೊಮ್ಮೆ, ಹೋಗುವಾಗಲೊಮ್ಮೆ ಗಾಂಗ್ತೆ ವಿಹಾರಕ್ಕೆ ಮೂರು ಪ್ರದಕ್ಷಿಣೆ ಹಾಕುತ್ತದೆಂಬ ನಂಬಿಕೆಯಿದೆ. ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆಗಳನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆನ್ನುವಂತೆ, ಅಲ್ಲಿ ಈ ಹಕ್ಕಿ ಯಾತ್ರಿಕ. 1998ರಿಂದ ವಿಹಾರದ ಅಂಗಳದಲ್ಲಿಯೇ ಪ್ರತಿ ನವೆಂಬರ್‌ನಲ್ಲಿ ಅದರ ಉತ್ಸವ ನಡೆಯುತ್ತಿದೆ. ಹಕ್ಕಿಗಳಿಗೆ ತೊಂದರೆಯಾಗಬಾರದೆಂದು ಕಣಿವೆಗೆ ವಿದ್ಯುತ್ ತಂತಿಯನ್ನು ನೆಲದಡಿಯಲ್ಲಿ ಹಾಕಲಾಯಿತು. ಇದೇ ಹಕ್ಕಿ ಅರುಣಾಚಲದ ತವಾಂಗ್ ಜಿಲ್ಲೆಯ ನ್ಯಾಮ್‌ಜಾಂಗ್ ಛೂ ನದಿಯ ದಂಡೆಯಲ್ಲಿಯೂ ಕೆಲವೇ ಸಂಖ್ಯೆಯಲ್ಲಿ ಚಳಿಗಾಲ ಕಳೆಯುತ್ತದೆ. ತವಾಂಗ್ ನೆಲದಲ್ಲಿ 1683ರಲ್ಲಿ ಹುಟ್ಟಿದ ಆರನೆಯ ದಲಾಯಿ ಲಾಮಾ ತ್ಸಾಂಗ್ಯಾಂಗ್ ಗ್ಯಾತ್ಸೊ ಅವರ ನೆನಪಿನೊಡನೆ ಅಲ್ಲಿನ ಮೋನ್ಪಾ ಜನ ಈ ಹಕ್ಕಿಯನ್ನು ಜೋಡಿಸಿಕೊಂಡಿದ್ದಾರೆ. ಆ ನದಿಗೆ 780 ಮೆಗಾವ್ಯಾಟ್ ಸಾಮರ್ಥ್ಯದ ಜಲವಿದ್ಯುತ್ ಯೋಜನೆ ಗೊತ್ತಾದಾಗ ವಿರೋಧದ ಮುಂಚೂಣಿಗೆ ಬಂದವರಲ್ಲಿ ಲಾಮಾಗಳಿದ್ದರು. ಅವರು ಯಾವ ಹಕ್ಕಿಯನ್ನೂ ಕೊಂಡು ಹಾರಿಬಿಡಲಿಲ್ಲ; ನದಿಯ ಹರಿವನ್ನು ತಿರುಗಿಸಬೇಡಿರೆಂದು ಕೇಳಿದರು. 2016ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಯೋಜನೆಯ ಪರಿಸರ ಅನುಮತಿಯನ್ನು ಅಮಾನತಿನಲ್ಲಿಟ್ಟು, ಕೊಕ್ಕರೆಯ ನೆಲೆಯನ್ನು ಗಣನೆಗೆ ತೆಗೆದುಕೊಂಡು ಹೊಸದಾಗಿ ಅಧ್ಯಯನ ನಡೆಸುವಂತೆ ಆದೇಶಿಸಿತು. ಮರುತಿಂಗಳು, ಮೇ 2ರಂದು, ಬಂಧನದಲ್ಲಿದ್ದ ಲಾಮಾ ಒಬ್ಬರ ಬಿಡುಗಡೆಗಾಗಿ ತವಾಂಗ್ ಪಟ್ಟಣದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ನಡೆಸಿದ ಗೋಲಿಬಾರಿನಲ್ಲಿ ಇಬ್ಬರು ಸತ್ತರು, ಅವರಲ್ಲೊಬ್ಬರು ಭಿಕ್ಷು.